ಅರಿಜೋನಾ ಮರುಭೂಮಿಯಲ್ಲಿ ಅಲ್ಪಾಕಾ ಸಾಕಬಹುದಾ? ದಿನ ಹೇಗಿರುತ್ತದೆ, ಸಾಕಿದವರು ಹೇಳಿ

ಫೀನಿಕ್ಸ್ ಅಪ್ಪ:

ಎಲ್ಲರಿಗೂ ನಮಸ್ಕಾರ. ನಾವು ಫೀನಿಕ್ಸ್‌ನಲ್ಲಿದ್ದೇವೆ. ಇಬ್ಬರಿಗೂ ಸಾಫ್ಟ್‌ವೇರ್ ಕೆಲಸ, ಅರ್ಧ ವಾರ ಮನೆಯಿಂದಲೇ. ಹೆಂಡತಿ ಹಿರಿಯೂರು ಕಡೆಯವಳು, ದನ ಕುರಿಗಳ ನಡುವೆ ಬೆಳೆದವಳು. ನಾನು ಪೇಟೆಯವನು. ಒಂದು ಅಲ್ಪಾಕಾ (ಉಣ್ಣೆ ಕೊಡುವ, ಒಂಟೆ ಜಾತಿಯ ಸಣ್ಣ ಪ್ರಾಣಿ) ಫಾರ್ಮ್ ನೋಡಿ ಬಂದ ಮೇಲೆ ಮಕ್ಕಳದ್ದು ಒಂದೇ ಹಟ, ನಮಗೂ ಆಸೆ ಬಂದಿದೆ. ಊರ ಹೊರಗೆ ನಾಲ್ಕೈದು ಎಕರೆ ತೆಗೆದುಕೊಂಡು ನಾಲ್ಕು ಅಲ್ಪಾಕಾ ಸಾಕಬಹುದಾ? ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟದ ಚಳಿಯ ಪ್ರಾಣಿ ಇಲ್ಲಿಯ ಬಿಸಿಲಲ್ಲಿ ಬದುಕುತ್ತದಾ? ಉಣ್ಣೆ ಮಾರಿದರೆ ಖರ್ಚಾದರೂ ಹುಟ್ಟುತ್ತದಾ? ಎಲ್ಲಿ ನೋಡಿದರೂ ಚೆಂದದ ಫೋಟೋಗಳೇ ಸಿಗುತ್ತವೆ, ದಿನಾ ಏನೇನು ಮಾಡಬೇಕು ಅಂತ ಯಾರೂ ಹೇಳುವುದಿಲ್ಲ.

ವಿಲ್ಕಾಕ್ಸ್ ಕಣಿವೆ:

ನಾವು ಸಾಕುತ್ತಿದ್ದೇವೆ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಅರಿಜೋನಾದ ಆಗ್ನೇಯ ಮೂಲೆ, ಕೊಚೀಸ್ ಕೌಂಟಿ, ಸಲ್ಫರ್ ಸ್ಪ್ರಿಂಗ್ಸ್ ಕಣಿವೆ ನಮ್ಮದು. ನಾನು, ಗಂಡ, ಅತ್ತೆ, ಇಬ್ಬರು ಮಕ್ಕಳು. ಅಲ್ಪಾಕಾ ಇಪ್ಪತ್ತರ ಆಸುಪಾಸು, ಎರಡು ಕಾವಲು ನಾಯಿ, ಒಂದಷ್ಟು ಕೋಳಿ. ಗಂಡನಿಗೆ ಹೊರಗೆ ಕೆಲಸ ಇದೆ. ಮನೆ ನಡೆಯುವುದು ಆ ಸಂಬಳದಿಂದ, ಅಲ್ಪಾಕಾದಿಂದ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಬಿಸಿಲಿನ ವಿಷಯ. ಎಲ್ಲ ಮರುಭೂಮಿಯೂ ಒಂದೇ ಅಲ್ಲ. ನಿಮ್ಮ ಫೀನಿಕ್ಸ್ ಸುಮಾರು 330 ಮೀಟರ್ ಎತ್ತರದಲ್ಲಿದೆ, ನಮ್ಮ ವಿಲ್ಕಾಕ್ಸ್ ಸುಮಾರು 1270 ಮೀಟರ್. ಜೂನ್‌ನಲ್ಲಿ ನಮ್ಮಲ್ಲೂ ಹಗಲು 35 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಆದರೆ ರಾತ್ರಿ 20ಕ್ಕಿಂತ ಕೆಳಗೆ ಇಳಿಯುತ್ತದೆ. ಅಲ್ಪಾಕಾವನ್ನು ಉಳಿಸುವುದು ಆ ರಾತ್ರಿ. ಹಗಲಿಡೀ ಮೈಯಲ್ಲಿ ತುಂಬಿಕೊಂಡ ಶಾಖವನ್ನು ಅದು ರಾತ್ರಿ ಬಿಟ್ಟುಕೊಡಬೇಕು. 2023ರ ಬೇಸಿಗೆ ನಿಮಗೆ ನೆನಪಿರಬೇಕು, ಫೀನಿಕ್ಸ್‌ನಲ್ಲಿ ಸತತ 31 ದಿನ 110 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕೂ ಮೇಲೆ, ಎಷ್ಟೋ ರಾತ್ರಿ 90ಕ್ಕಿಂತ (ಸೆಲ್ಸಿಯಸ್ ಲೆಕ್ಕದಲ್ಲಿ 32) ಕೆಳಗೆ ಬರಲೇ ಇಲ್ಲ. ಅಂಥ ಕಡೆ ಇದನ್ನು ಕಟ್ಟಿಹಾಕುವುದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಕೆಲವರು ಸಾಕುತ್ತಾರೆ, ಕೂಲರ್ ಹಾಕಿ, ಮಂಜಿನಂತೆ ನೀರು ಚಿಮ್ಮಿಸಿ ಹೇಗೋ ನಿಭಾಯಿಸುತ್ತಾರೆ. ಒಂದು ಮಧ್ಯಾಹ್ನ ಕರೆಂಟ್ ಹೋದರೆ ಏನು ಮಾಡುತ್ತೀರಿ ಅನ್ನುವುದಕ್ಕೆ ನಿಮ್ಮ ಹತ್ತಿರ ಉತ್ತರ ಇರಬೇಕು.

ಇನ್ನು ದಿನದ ಕೆಲಸ. ಬೇಸಿಗೆಯಲ್ಲಿ ನಮ್ಮ ದಿನ ಕತ್ತಲಿರುವಾಗಲೇ ಶುರು. ಬಿಸಿಲೇರುವ ಮೊದಲು ಹುಲ್ಲು ಹಾಕಿ ಮುಗಿಸಬೇಕು. ಮೆಲುಕು ಹಾಕುವ ಪ್ರಾಣಿ ಅಲ್ವಾ, ಹುಲ್ಲು ಹೊಟ್ಟೆಯಲ್ಲಿ ಅರಗುವಾಗ ಒಳಗಿಂದಲೇ ಶಾಖ ಹುಟ್ಟುತ್ತದೆ, ಅದು ಮಧ್ಯಾಹ್ನದ ಬಿಸಿಲಿನ ಜೊತೆ ಸೇರಬಾರದು. ಎರಡನೇ ಸಲ ಹಾಕುವುದು ಹೊತ್ತು ಮುಳುಗಿದ ಮೇಲೆ. ಒಂದು ಅಲ್ಪಾಕಾ ಸುಮಾರು 50ರಿಂದ 80 ಕಿಲೋ ತೂಗುತ್ತದೆ, ದಿನಕ್ಕೆ ಅದರ ತೂಕದ ನೂರಕ್ಕೆ ಒಂದೂವರೆಯಿಂದ ಎರಡು ಭಾಗದಷ್ಟು ಒಣಹುಲ್ಲು ಸಾಕು. ಕುದುರೆ ಸಾಕುವವರು ಕೇಳಿದರೆ ಇಷ್ಟೇನಾ ಅನ್ನುತ್ತಾರೆ. ಇಲ್ಲಿ ಸಿಗುವುದು ಬರ್ಮುಡಾ ಒಣಹುಲ್ಲು, ಅಂದರೆ ನಾವು ಗಣಪತಿಗೆ ಏರಿಸುವ ಗರಿಕೆಯದೇ ಕುಲ. ಕುದುರೆ ಮಸಾಲೆ (ಆಲ್ಫಾಲ್ಫಾ) ಸೊಪ್ಪು ಕೂಡ ಬೇಕಾದಷ್ಟು ಸಿಗುತ್ತದೆ, ಆದರೆ ಅದನ್ನೇ ದಿನಾ ಹಾಕಿದರೆ ಮೈ ಕೊಬ್ಬುತ್ತದೆ. ಹಾಲು ಕೊಡುವ ತಾಯಿಗೆ, ಸೊರಗಿದ್ದಕ್ಕೆ ಮಾತ್ರ ಸ್ವಲ್ಪ ಕೊಡುತ್ತೇವೆ.

ಹುಲ್ಲು ಹಾಕುವ ಹೊತ್ತೇ ನನಗೆ ನೋಡುವ ಹೊತ್ತು. ಯಾವುದು ಓಡಿ ಬರಲಿಲ್ಲ, ಯಾವುದು ದೂರದಲ್ಲಿ ಒಂಟಿಯಾಗಿ ಕೂತಿದೆ, ಯಾವುದರ ಕೆಳದುಟಿ ಜೋತು ಬಿದ್ದಿದೆ. ಈ ಪ್ರಾಣಿ ಕಾಯಿಲೆ ಮುಚ್ಚಿಡುತ್ತದೆ, ಎದ್ದು ಕಾಣುವ ಹೊತ್ತಿಗೆ ತುಂಬ ತಡವಾಗಿರುತ್ತದೆ. ಉಣ್ಣೆಯ ಕೆಳಗೆ ಬಡಕಲಾಗಿದ್ದರೂ ಕಣ್ಣಿಗೆ ಗೊತ್ತಾಗುವುದಿಲ್ಲ. ಬೆನ್ನುಮೂಳೆಯ ಮೇಲೆ ಕೈಯಿಟ್ಟು ಒತ್ತಿ ನೋಡಬೇಕು. ಇದನ್ನು ಮಕ್ಕಳೂ ಕಲಿತಿದ್ದಾರೆ.

ಆಮೇಲೆ ಹಿಕ್ಕೆ ಬಳಿಯುವುದು. ಎಲ್ಲವೂ ಒಂದೇ ಜಾಗಕ್ಕೆ ಹೋಗಿ ಹಾಕುತ್ತವೆ, ಅದು ಇವುಗಳ ಹುಟ್ಟುಗುಣ, ಹಾಗಾಗಿ ದೊಡ್ಡಿ ಚೊಕ್ಕವಾಗಿರುತ್ತದೆ. ಹಿಕ್ಕೆ ಕುರಿಯದ್ದರ ಹಾಗೇ ಇರುತ್ತದೆ, ಗಿಡದ ಬುಡಕ್ಕೆ ಹಾಕಿದರೆ ಬೇರು ಸುಡುವುದಿಲ್ಲ. ಈ ಕಣಿವೆಯ ಮಣ್ಣಲ್ಲಿ ಸಾವಯವ ಅಂಶ ತೀರಾ ಕಮ್ಮಿ. ಅತ್ತೆ ಟೊಮೇಟೊ, ಮೆಣಸಿನಕಾಯಿ, ಮೆಂತ್ಯ ಬೆಳೆಯುವುದು ಪೂರ್ತಿ ಈ ಗೊಬ್ಬರದಲ್ಲೇ. ತಿನ್ನುವ ಸೊಪ್ಪಿಗೆ ಹಸಿಯದ್ದು ಹಾಕುವುದಿಲ್ಲ, ಕೊಳೆಸಿ ಹಾಕುತ್ತಾರೆ.

ನೀರಿನದು ಬೇರೆಯೇ ಕಥೆ. ಅಲ್ಪಾಕಾ ಬಿಸಿ ನೀರು ಕುಡಿಯುವುದಿಲ್ಲ, ಬಾಯಾರಿ ನಿಂತಿರುತ್ತದೆಯೇ ಹೊರತು ಕುಡಿಯುವುದಿಲ್ಲ. ತೊಟ್ಟಿ ನೆರಳಲ್ಲೇ ಇರಬೇಕು. ಪೈಪ್ ಬಿಸಿಲಲ್ಲಿ ಬಿದ್ದಿದ್ದರೆ ಅದರೊಳಗಿನ ನೀರು ಕೈ ಸುಡುವಷ್ಟು ಕಾದಿರುತ್ತದೆ, ಅದನ್ನು ಪೂರ್ತಿ ಹೊರಗೆ ಬಿಟ್ಟು ತಣ್ಣಗೆ ಬರುವವರೆಗೆ ಕಾಯಬೇಕು. ನಾವು ಪೈಪ್ ಲೈನ್ ನೆಲದೊಳಗೆ ಹೂತಿದ್ದೇವೆ. ದಿನಾ ತೊಟ್ಟಿ ಉಜ್ಜುವುದು ದೊಡ್ಡ ಮಗನ ಕೆಲಸ, ಪಾಚಿ ಕಟ್ಟಿದರೆ ಅವು ಮೂತಿ ಹಾಕುವುದೇ ಇಲ್ಲ.

ಮಧ್ಯಾಹ್ನ ಹನ್ನೊಂದರಿಂದ ಐದರವರೆಗೆ ಯಾರನ್ನೂ ಮುಟ್ಟುವುದಿಲ್ಲ. ಲಸಿಕೆ, ಉಗುರು ಕತ್ತರಿಸುವುದು, ಒಂದು ದೊಡ್ಡಿಯಿಂದ ಇನ್ನೊಂದಕ್ಕೆ ಓಡಿಸುವುದು, ಎಲ್ಲ ಬೆಳಗ್ಗೆಯೇ ಆಗಬೇಕು.

ಚಳ್ಳಕೆರೆ ಕುರಿಹಟ್ಟಿ:

ಅಕ್ಕಾ, ಓದಿ ಖುಷಿಯಾಯಿತು. ನಮ್ಮದು ಕುರಿ ಕಾಯುವ ಮನೆತನ. ನಮ್ಮ ಕಡೆಯೂ ಬೇಸಿಗೆಯಲ್ಲಿ ಬೆಳಿಗ್ಗೆ ಬೇಗ ಮೇಯಿಸಿ, ಮಧ್ಯಾಹ್ನ ಮರದ ನೆರಳಲ್ಲಿ ತರುಬುತ್ತೇವೆ. ನಮ್ಮ ಡೆಕ್ಕನಿ ಕುರಿಗೆ ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸುತ್ತೇವೆ. ನೀವು ಎಷ್ಟು ಸಲ? ಒಂದಕ್ಕೆ ಎಷ್ಟು ಉಣ್ಣೆ ಬರುತ್ತದೆ? ಹೇಗೆ ಹಿಡಿಯುತ್ತೀರಿ? ಕುರಿ ಆದರೆ ಕೆಡವಿ ಕಾಲು ಕಟ್ಟಿದರೆ ಸುಮ್ಮನಿರುತ್ತದೆ.

ವಿಲ್ಕಾಕ್ಸ್ ಕಣಿವೆ:

ವರ್ಷಕ್ಕೆ ಒಂದೇ ಸಲ ಅಣ್ಣ, ಏಪ್ರಿಲ್‌ನಲ್ಲಿ. ಬೇಸಿಗೆಗೆ ಮೊದಲು ಉಣ್ಣೆ ಇಳಿಯಲೇಬೇಕು, ಇಲ್ಲದಿದ್ದರೆ ಜೂನ್ ದಾಟುವುದು ಕಷ್ಟ. ತೀರಾ ಬೋಳಿಸುವುದೂ ಒಳ್ಳೆಯದಲ್ಲ, ಬೆನ್ನಿಗೆ ಬಿಸಿಲು ನೇರ ಹೊಡೆಯುತ್ತದೆ. ಸ್ವಲ್ಪ ಬಿಟ್ಟೇ ಕತ್ತರಿಸುತ್ತಾರೆ.

ಕತ್ತರಿಸುವವರು ಒಂದು ತಂಡವಾಗಿ ಊರಿಂದ ಊರಿಗೆ ಹೋಗುತ್ತಾರೆ, ದಕ್ಷಿಣದ ಬಿಸಿ ಜಾಗಗಳಲ್ಲಿ ಮೊದಲು ಮುಗಿಸಿ ಉತ್ತರಕ್ಕೆ ಸಾಗುತ್ತಾರೆ. ಚಳಿಗಾಲದಲ್ಲೇ ದಿನ ಗೊತ್ತು ಮಾಡಿಕೊಳ್ಳಬೇಕು. ಚಾಪೆಯ ಮೇಲೆ ಮಲಗಿಸಿ ಮುಂಗಾಲಿಗೊಂದು ಹಿಂಗಾಲಿಗೊಂದು ಹಗ್ಗ ಹಾಕಿ ಎರಡೂ ಕಡೆ ಎಳೆದು ಹಿಡಿಯುತ್ತಾರೆ. ನೋಡಲು ಒರಟು ಅನಿಸುತ್ತದೆ, ಆದರೆ ಒದೆಯಲು ಬಿಟ್ಟರೆ ಮೈ ಕೊಯ್ದುಕೊಳ್ಳುತ್ತದೆ. ಒಂದರ ಕೆಲಸ ಐದರಿಂದ ಹತ್ತು ನಿಮಿಷ ಅಷ್ಟೇ. ಉಗುಳದ ಹಾಗೆ ಮೂತಿಗೆ ಕಾಲುಚೀಲ ಹಾಕುತ್ತಾರೆ. ಅದೇ ಹೊತ್ತಲ್ಲಿ ಉಗುರು ಕತ್ತರಿಸಿ, ಹಲ್ಲು ನೋಡಿ, ಲಸಿಕೆಯನ್ನೂ ಹಾಕಿ ಮುಗಿಸುತ್ತೇವೆ. ಗಂಡಿಗೆ ಎರಡು ಮೂರು ವರ್ಷಕ್ಕೆ ಕಾದಾಡುವ ಚೂಪು ಹಲ್ಲು ಬರುತ್ತದೆ. ಒಂದರ ಕಿವಿ ಇನ್ನೊಂದು ಹರಿಯದಂತೆ ಅದನ್ನು ಮೊಂಡು ಮಾಡಬೇಕು.

ಒಂದು ಅಲ್ಪಾಕಾಕ್ಕೆ ಎರಡರಿಂದ ನಾಲ್ಕು ಕಿಲೋ ಉಣ್ಣೆ ಸಿಗುತ್ತದೆ. ಬೆನ್ನು ಪಕ್ಕೆಯದ್ದು ಒಳ್ಳೆಯದು, ಅದನ್ನು ಬೇರೆ ಚೀಲಕ್ಕೆ ತುಂಬುತ್ತೇವೆ. ಕುತ್ತಿಗೆಯದ್ದು ಎರಡನೇ ದರ್ಜೆ, ಕಾಲು ಹೊಟ್ಟೆಯದ್ದು ಒರಟು. ಕುರಿ ಉಣ್ಣೆಯಲ್ಲಿ ಇರುವಷ್ಟು ಜಿಡ್ಡು ಇದರಲ್ಲಿಲ್ಲ, ಹಾಗಾಗಿ ತೊಳೆಯುವುದು ಸುಲಭ. ಮರುಭೂಮಿಯ ತೊಂದರೆ ಅಂದರೆ ದೂಳು. ಅಲ್ಪಾಕಾಕ್ಕೆ ಮಣ್ಣಲ್ಲಿ ಹೊರಳಾಡುವುದು ಅಂದರೆ ಪ್ರಾಣ, ಆ ಮಣ್ಣೆಲ್ಲ ಉಣ್ಣೆಯೊಳಗೆ. ಜೊತೆಗೆ ನೆಗ್ಗಿಲ ಮುಳ್ಳು! ನಮ್ಮ ಅರಸೀಕೆರೆ ಹೊಲದಲ್ಲಿ ಬರಿಗಾಲಿಗೆ ಚುಚ್ಚುತ್ತಿದ್ದ ಅದೇ ಗಿಡ ಇಲ್ಲೂ ಹಬ್ಬಿದೆ, ಉಣ್ಣೆಗೆ ಸಿಕ್ಕಿಕೊಂಡರೆ ಬಿಡಿಸಿ ಬಿಡಿಸಿ ಬೆರಳು ಹೋಗುತ್ತದೆ. ಮಳೆ ಬಿದ್ದ ಕೂಡಲೇ ಕಾಯಿ ಕಟ್ಟುವ ಮೊದಲು ಕಿತ್ತು ಹಾಕುತ್ತೇವೆ.

ನಿಮ್ಮ ಕಡೆ ಕಂಬಳಿಗೆ ಹುಣಸೆ ಬೀಜದ ಗಂಜಿ ಹಾಕುತ್ತಾರಲ್ಲ, ಅದನ್ನು ಹೇಗೆ ಮಾಡುತ್ತಾರೆ ಅಂತ ಒಮ್ಮೆ ಬರೆಯಿರಿ. ಈ ಕಾಲು ಹೊಟ್ಟೆಯ ಒರಟು ಉಣ್ಣೆಯಲ್ಲಿ ಗಟ್ಟಿ ಹಾಸು ನೇಯಬೇಕು ಅಂತ ಅತ್ತೆಗೆ ಬಹಳ ಆಸೆ.

ಚಳ್ಳಕೆರೆ ಕುರಿಹಟ್ಟಿ:

ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ ಅರೆದು ಬೇಯಿಸುತ್ತಾರೆ. ಅಂಟು ಬರುವ ತನಕ. ಹಾಸಿನ (ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ) ನೂಲಿಗೆ ಬಳಿದು ಬಿಸಿಲಲ್ಲಿ ಒಣಗಿಸಿದರೆ ನೂಲು ಬಿಗಿಯಾಗುತ್ತದೆ, ಮಗ್ಗದಲ್ಲಿ ಎಳೆ ತುಂಡಾಗುವುದಿಲ್ಲ. ಆದರೆ ಅಲ್ಪಾಕಾ ನೂಲು ಜಾರುತ್ತದೆ ಅಂತ ಕೇಳಿದ್ದೇನೆ, ಸ್ವಲ್ಪ ಕುರಿ ಉಣ್ಣೆ ಬೆರೆಸಿ ನೂತರೆ ಹಿಡಿತ ಬರುತ್ತದೆ ಅನಿಸುತ್ತದೆ. ಅಮ್ಮನ್ನ ಕೇಳಿ ಅಳತೆ ತಿಳಿಸುತ್ತೇನೆ ಅಕ್ಕಾ.

ಟೂಸಾನ್ ಮೇಕೆಮನೆ:

ಬೇಜಾರಾಗಬೇಡಿ, ನೇರವಾಗಿ ಕೇಳುತ್ತೇನೆ. ನಾನೂ ಇಲ್ಲೇ ಮೇಕೆ ಸಾಕುತ್ತೇನೆ. ಮೇಕೆ ಈ ನೆಲಕ್ಕೆ ಹೊಂದುತ್ತದೆ, ಜಾಲಿ ಸೊಪ್ಪು ತಿಂದು ಬದುಕುತ್ತದೆ. ನಾಲ್ಕು ಸಾವಿರ ಮೀಟರ್ ಎತ್ತರದ ಪ್ರಾಣಿಯನ್ನು ತಂದು ಇಲ್ಲಿ ಫ್ಯಾನ್ ಹಾಕಿ ಸಾಕುವುದು ಪ್ರಾಣಿಗೂ ಹಿಂಸೆ, ನೀರಿಗೂ ದಂಡ ಅಲ್ವಾ? ಬೋರ್‌ವೆಲ್‌ಗಳು ಬತ್ತುತ್ತಿರುವ ಕಣಿವೆಯಲ್ಲಿ?

ವಿಲ್ಕಾಕ್ಸ್ ಕಣಿವೆ:

ಬೇಜಾರಿಲ್ಲ, ಇದು ಕೇಳಲೇಬೇಕಾದ ಪ್ರಶ್ನೆ.

ಪ್ರಾಣಿಗೆ ಹಿಂಸೆಯಾ? ಅಲ್ಪಾಕಾ ಬೆಳೆದ, ಆಂಡಿಸ್ ಮೇಲಿನ ಆಲ್ಟಿಪ್ಲಾನೊ ಕೂಡ ಒಣ ಬಯಲೇ. ಅಲ್ಲೂ ಒರಟು ಹುಲ್ಲು, ಸುಡುವ ಬಿಸಿಲು, ಕೊರೆಯುವ ರಾತ್ರಿ. ಒಣ ಗಾಳಿ ಇವಕ್ಕೆ ಹೊಸದಲ್ಲ. ಇವಕ್ಕೆ ಆಗದಿರುವುದು ಬಿಸಿ ಮತ್ತು ತೇವ ಎರಡೂ ಸೇರಿದ ಹವೆ, ತಣಿಯದ ರಾತ್ರಿ. ಅಮೆರಿಕದ ಪೂರ್ವದಲ್ಲಿ ಬಿಳಿಬಾಲದ ಜಿಂಕೆಯಿಂದ ಹರಡುವ ಒಂದು ಹುಳ ಅಲ್ಪಾಕಾದ ಬೆನ್ನುಹುರಿಗೆ ಹೊಕ್ಕು ಕಾಲು ಬೀಳಿಸಿಬಿಡುತ್ತದೆ, ಅಲ್ಲಿಯವರು ಅದಕ್ಕೆ ವರ್ಷಪೂರ್ತಿ ಚುಚ್ಚುಮದ್ದು ಹಾಕುತ್ತಿರುತ್ತಾರೆ. ನಮ್ಮ ಒಣ ನೆಲದಲ್ಲಿ ಆ ಕಾಟವಿಲ್ಲ. ನಮ್ಮ ಹತ್ತಿರ ಹದಿನೈದು ದಾಟಿದ ಹೆಣ್ಣುಗಳಿವೆ, ಮೇಯುತ್ತವೆ, ಓಡುತ್ತವೆ, ಸಂಜೆ ತಂಪಾದ ಮೇಲೆ ಮರಿಗಳ ಜೊತೆ ಕುಪ್ಪಳಿಸುತ್ತವೆ. ಈ ಎತ್ತರದಲ್ಲಿ, ನೆರಳು ನೀರು ಸರಿಯಾಗಿ ಕೊಟ್ಟರೆ ಇದು ಹಿಂಸೆ ಅಂತ ನನಗೆ ಅನಿಸುವುದಿಲ್ಲ.

ನೀರಿನ ಮಾತು ಮಾತ್ರ ನೀವು ಹೇಳಿದಷ್ಟೂ ನಿಜ, ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನೋಡಬೇಕು. ಅಲ್ಪಾಕಾ ಕುಡಿಯುವ ನೀರು ಲೆಕ್ಕಕ್ಕೇ ಬರುವುದಿಲ್ಲ. ಅದು ತಿನ್ನುವ ಹುಲ್ಲು ಬೆಳೆಯಲು ಹೋಗುವ ನೀರಿದೆಯಲ್ಲ, ಅದು ದೊಡ್ಡದು. ಅರಿಜೋನಾದ ಒಣಹುಲ್ಲೆಲ್ಲ ನೀರಾವರಿಯದ್ದೇ. ನಮ್ಮ ಕಣಿವೆಯಲ್ಲಿ ಅಂತರ್ಜಲ ಇಳಿದು ನೆಲವೇ ಕುಸಿದು ಬಿರುಕು ಬಿಟ್ಟಿದೆ, ಎಷ್ಟೋ ಮನೆಗಳ ಬೋರ್‌ವೆಲ್ ಬತ್ತಿವೆ. 2022ರಲ್ಲಿ ಅಂತರ್ಜಲಕ್ಕೆ ನಿಯಂತ್ರಣ ಬೇಕಾ ಅಂತ ಮತ ಹಾಕಿಸಿದರು. ಪಕ್ಕದ ಡಗ್ಲಸ್ ಕಡೆಯವರು ಬೇಕು ಅಂದರು, ವಿಲ್ಕಾಕ್ಸ್ ಕಡೆ ಬೇಡ ಅಂತ ಆಯಿತು. 2024ರ ಕೊನೆಗೆ ರಾಜ್ಯದ ಜಲ ಇಲಾಖೆಯೇ ವಿಲ್ಕಾಕ್ಸ್ ಕಡೆಗೂ ನಿಯಂತ್ರಣ ತಂದಿತು. ನನಗದು ಸಮಾಧಾನ ತಂದಿದೆ. ಇಲ್ಲಿ ಬದುಕಬೇಕಾದವರು ನಾವು, ನಮ್ಮ ಮಕ್ಕಳು. ನೀರು ಮುಗಿದರೆ ಅಲ್ಪಾಕಾ ಇಲ್ಲ, ಮನೆಯೂ ಇಲ್ಲ.

ಹಾಗಾಗಿ ಮಂದೆ ಬೆಳೆಸುತ್ತಿಲ್ಲ. ಮರಿ ಮಾಡಿಸುವುದನ್ನು ಕಡಿಮೆ ಮಾಡಿದ್ದೇವೆ. ಚಾವಣಿ ನೀರು ಟ್ಯಾಂಕಿಗೆ ಹಿಡಿಯುತ್ತೇವೆ, ತೊಟ್ಟಿ ತೊಳೆದ ನೀರು ಮೆಸ್ಕೀಟ್ ಮರಗಳ ಬುಡಕ್ಕೆ ಹೋಗುತ್ತದೆ. ಮೆಸ್ಕೀಟ್ ಅಂದರೆ ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ನೆಂಟ. ಊರಲ್ಲಿ ಎಲ್ಲರೂ ಬೈಯುವ ಮರ, ಇಲ್ಲಿ ದೇವರು ಕೊಟ್ಟ ನೆರಳು.

ಟೂಸಾನ್ ಮೇಕೆಮನೆ:

ಹುಲ್ಲಿನ ನೀರು ಲೆಕ್ಕಕ್ಕೆ ತೆಗೆದುಕೊಂಡು ಮಾತಾಡುವವರು ಕಮ್ಮಿ. ಒಪ್ಪಿದೆ. ಆದರೂ ಹೊಸಬರಿಗೆ ನಾನು ಮೇಕೆಯನ್ನೇ ಹೇಳುತ್ತೇನೆ.

ಹೆಬ್ಬಾಳದ ಡಾಕ್ಟರ್:

ನಾನು ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯ ಓದಿದವನು, ಈಗ ಈ ದೇಶದಲ್ಲಿ ಕೆಲಸ. ಒಂದೆರಡು ಮಾತು ಸೇರಿಸುತ್ತೇನೆ.

ಬಿಸಿಲಿನ ಲೆಕ್ಕಕ್ಕೆ ಅಲ್ಪಾಕಾ ಸಾಕುವವರು ಒಂದು ಸುಲಭ ಸೂತ್ರ ಬಳಸುತ್ತಾರೆ. ಫ್ಯಾರನ್‌ಹೀಟ್ ತಾಪಮಾನ ಮತ್ತು ತೇವಾಂಶದ ಶೇಕಡಾ, ಎರಡನ್ನೂ ಕೂಡಿಸಿ. 120ಕ್ಕಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ. 150 ದಾಟಿದರೆ ಎಚ್ಚರ. 180 ಅಂದರೆ ಜೀವಕ್ಕೇ ಅಪಾಯ. ಆದರೆ ಒಣ ಮರುಭೂಮಿಯಲ್ಲಿ ಇದನ್ನೇ ನಂಬಿ ಕೂರಬೇಡಿ. ಫೀನಿಕ್ಸ್‌ನಲ್ಲಿ ಜೂನ್ ತಿಂಗಳು 112 ಡಿಗ್ರಿ, ತೇವಾಂಶ 8 ಇದ್ದರೆ ಮೊತ್ತ 120 ಬರುತ್ತದೆ, ಪ್ರಾಣಿ ಮಾತ್ರ ಬೇಯುತ್ತಿರುತ್ತದೆ.

ಅಲ್ಪಾಕಾದ ಮೈ ಶಾಖ ಸಾಮಾನ್ಯವಾಗಿ 99.5ರಿಂದ 102 ಫ್ಯಾರನ್‌ಹೀಟ್. ಮೂಗಿನ ಹೊಳ್ಳೆ ಅರಳಿಸಿ, ಬಾಯಿ ತೆರೆದು ಉಸಿರಾಡುತ್ತಿದ್ದರೆ, ಜೊಲ್ಲು ಸುರಿಯುತ್ತಿದ್ದರೆ, ಏಳಲು ಒಲ್ಲೆ ಅಂದರೆ ಮೊದಲು ಥರ್ಮಾಮೀಟರ್ ಇಡಿ. 104 ದಾಟಿದ್ದರೆ ಅದು ತುರ್ತು. ನೀರು ಹಾಕಬೇಕಾದ ಜಾಗ ಹೊಟ್ಟೆಯ ಕೆಳಗೆ, ತೊಡೆಯ ಸಂದು, ಕಂಕುಳು. ಅಲ್ಲಿ ಉಣ್ಣೆ ತೆಳು, ಶಾಖ ಹೊರಹೋಗುವುದು ಅಲ್ಲಿಂದಲೇ. ಬೆನ್ನಿನ ಮೇಲೆ ಸುರಿಯಬೇಡಿ, ಒದ್ದೆ ಉಣ್ಣೆ ಒಳಗಿನ ಶಾಖ ಹೊರಗೆ ಬಿಡುವುದಿಲ್ಲ. ಗಂಡು ಪ್ರಾಣಿಗಳಲ್ಲಿ ವೃಷಣ ಊದಿಕೊಂಡು ಕೆಲವು ತಿಂಗಳು ಮರಿ ಕೊಡುವ ಶಕ್ತಿ ಹೋಗುವುದೂ ಉಂಟು.

ಎರಡನೆಯದು ವ್ಯಾಲಿ ಫೀವರ್. ಅರಿಜೋನಾದವರಿಗೆ ಹೆಸರು ಗೊತ್ತು. ಮಣ್ಣಲ್ಲಿರುವ ಕಾಕ್ಸಿಡಿಯಾಯ್ಡಿಸ್ ಅನ್ನುವ ಶಿಲೀಂಧ್ರ, ದೂಳಿನ ಜೊತೆ ಉಸಿರಿಗೆ ಹೋಗುತ್ತದೆ. ಮನುಷ್ಯರಿಗೆ, ನಾಯಿಗೆ ಬರುವ ಹಾಗೆ ಲಾಮಾ, ಅಲ್ಪಾಕಾಗಳಿಗೂ ಬರುತ್ತದೆ, ಮತ್ತು ಇವುಗಳಲ್ಲಿ ಬಂದರೆ ಮೈಯೆಲ್ಲ ಹರಡುವುದು ಜಾಸ್ತಿ. ಕೆಮ್ಮು, ಕಾರಣ ಇಲ್ಲದೆ ತೂಕ ಇಳಿಯುವುದು, ಕುಂಟುವುದು, ಚರ್ಮದ ಗಂಟು ಕಂಡರೆ ರಕ್ತ ಪರೀಕ್ಷೆ ಮಾಡಿಸಿ. ಹೊಸ ಜಾಗದಲ್ಲಿ ನೆಲ ಅಗೆಯುವ ಕೆಲಸ ಇದ್ದರೆ ಪ್ರಾಣಿ ತರುವ ಮೊದಲೇ ಮುಗಿಸಿ, ನೀವೂ ಮಾಸ್ಕ್ ಹಾಕಿಕೊಳ್ಳಿ.

ಜಂತುಹುಳದ ಔಷಧಿಯನ್ನು ಕ್ಯಾಲೆಂಡರ್ ನೋಡಿ ಹಾಕಬೇಡಿ. ಹಿಕ್ಕೆ ಪರೀಕ್ಷೆ ಮಾಡಿಸಿ, ಮೊಟ್ಟೆ ಎಷ್ಟಿದೆ ನೋಡಿ ಹಾಕಿ. ಸುಮ್ನೆ ಹಾಕುತ್ತಾ ಹೋದರೆ ಹುಳಕ್ಕೇ ಅಭ್ಯಾಸವಾಗುತ್ತದೆ.

ವಿಲ್ಕಾಕ್ಸ್ ಕಣಿವೆ:

ತುಂಬ ಉಪಕಾರ ಡಾಕ್ಟ್ರೇ. ಇಲ್ಲೊಂದು ಮುಖ್ಯ ವಿಷಯ. ಜಾಗ ಕೊಳ್ಳುವ ಮೊದಲು ಸುತ್ತಲೂ ಅಲ್ಪಾಕಾ ನೋಡುವ ಡಾಕ್ಟರ್ ಯಾರಿದ್ದಾರೆ ವಿಚಾರಿಸಿ. ನಾಯಿ ಬೆಕ್ಕಿನ ಡಾಕ್ಟರ್ ಎಲ್ಲಾ ಕಡೆ ಸಿಗುತ್ತಾರೆ. ಇದಕ್ಕೆ ಒಬ್ಬರು ಸಿಕ್ಕಿದರೂ ಅವರು ನೂರು ಮೈಲಿ ದೂರ ಇರಬಹುದು. ಎಷ್ಟೋ ಕೆಲಸ ನೀವೇ ಕಲಿಯಬೇಕಾಗುತ್ತದೆ, ಚುಚ್ಚುಮದ್ದು, ಶಾಖ ನೋಡುವುದು, ಮರಿಗೆ ಟ್ಯೂಬಿನಲ್ಲಿ ಹಾಲು ಕೊಡುವುದು.

ಇನ್ನೊಂದು, ಕಣಗಿಲೆ. ಅರಿಜೋನಾದ ಮನೆಮನೆಯ ಬೇಲಿಯಲ್ಲಿ ಕಣಗಿಲೆ ಇದೆ, ನೀರು ಕಮ್ಮಿ ಸಾಕು ಅಂತ ಎಲ್ಲರೂ ನೆಡುತ್ತಾರೆ. ನಮ್ಮವರಿಗೆ ಪೂಜೆಗೆ ಹೂ ಸಿಗುತ್ತದೆ ಅಂತ ಇನ್ನೂ ಪ್ರೀತಿ. ಅದರ ಕೆಲವೇ ಎಲೆ ಅಲ್ಪಾಕಾದ ಹೃದಯ ನಿಲ್ಲಿಸಲು ಸಾಕು, ಒಣಗಿದ ಎಲೆಯೂ ಅಷ್ಟೇ ವಿಷ. ನೀವು ನೋಡುವ ಜಾಗದಲ್ಲಿ ಅಥವಾ ಗಾಳಿ ಬೀಸುವ ಕಡೆಯ ಪಕ್ಕದ ಮನೆಯಲ್ಲಿ ಇದ್ದರೆ ಬೇರೆ ಜಾಗ ಹುಡುಕಿ.

ನೂಲು ಬುಟ್ಟಿ:

ನಾನು ಟೊರಾಂಟೊದಲ್ಲಿ ಹೆಣಿಗೆ ಕಲಿಸುತ್ತೇನೆ. ಅಲ್ಪಾಕಾ ನೂಲು ನಿಜವಾಗಿಯೂ ಬೇರೆ ಥರ. ಕುರಿ ಉಣ್ಣೆಗಿಂತ ಬೆಚ್ಚಗೆ, ಚುಚ್ಚುವುದಿಲ್ಲ, ಬಣ್ಣ ಹಾಕದೆಯೇ ಬಿಳಿ, ಕಂದು, ಬೂದು, ಕಪ್ಪು ಎಲ್ಲ ಸಿಗುತ್ತದೆ. ಆದರೆ ಅಂಗಡಿಯಲ್ಲಿ ಸಿಗುವುದರಲ್ಲಿ ಹೆಚ್ಚಿನದ್ದು ಪೆರುವಿನದ್ದು. ಅಕ್ಕಾ, ನಿಮ್ಮಂಥ ಸಣ್ಣ ಮನೆಯವರು ಉಣ್ಣೆಯನ್ನು ಏನು ಮಾಡುತ್ತೀರಿ? ಹಣ ಬರುತ್ತದಾ?

ವಿಲ್ಕಾಕ್ಸ್ ಕಣಿವೆ:

ಹಣದ ವಿಷಯ ಬಿಡಿಸಿಯೇ ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ಬಹಳ ಜನ ಮನೆ ಕಳೆದುಕೊಂಡಿದ್ದಾರೆ.

ಅಮೆರಿಕಕ್ಕೆ ಅಲ್ಪಾಕಾ ಮಾರಾಟಕ್ಕೆ ಬಂದದ್ದು 1984ರಿಂದ. 1998ರ ನಂತರ ಹೊರದೇಶದಿಂದ ತಂದ ಪ್ರಾಣಿಗಳನ್ನು ಇಲ್ಲಿಯ ತಳಿ ಪಟ್ಟಿಗೆ ಸೇರಿಸುವುದು ನಿಲ್ಲಿಸಿದರು. ಪ್ರಾಣಿ ಕಡಿಮೆ, ಆಸೆ ಜಾಸ್ತಿ, ಬೆಲೆ ಏರಿತು. ಟಿವಿಯಲ್ಲಿ ಜಾಹೀರಾತು ಬಂತು, ನಿವೃತ್ತರು ಉಳಿತಾಯದ ಹಣ ಹಾಕಿ ಒಂದೊಂದು ಹೆಣ್ಣಿಗೆ ಹತ್ತು ಇಪ್ಪತ್ತು ಸಾವಿರ ಡಾಲರ್ ಕೊಟ್ಟರು. ಹಣ ಬರುತ್ತಿದ್ದುದು ಉಣ್ಣೆಯಿಂದ ಅಲ್ಲ, ಮುಂದೆ ಕೊಳ್ಳುವವನಿಗೆ ಮರಿ ಮಾರುವುದರಿಂದ. ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರು ಈ ಬೆಲೆಗೆ ಉಣ್ಣೆಯ ಆಧಾರವೇ ಇಲ್ಲ ಅಂತ ಆಗಲೇ ಲೆಕ್ಕ ಹಾಕಿ ತೋರಿಸಿದ್ದರು. 2008ರ ನಂತರ ಎಲ್ಲ ಬಿತ್ತು. ಆಮೇಲೆ ಸಾವಿರಾರು ಡಾಲರ್‌ನ ಪ್ರಾಣಿಗಳನ್ನು ಪುಕ್ಕಟೆ ಕೊಟ್ಟವರಿದ್ದಾರೆ. ಇವತ್ತು ಬೀಜ ಒಡೆದ ಗಂಡು ಕೆಲವು ನೂರು ಡಾಲರ್‌ಗೆ ಸಿಗುತ್ತದೆ. ಇದು ಹೂಡಿಕೆ ಅಂತ ಯಾರಾದರೂ ನಿಮಗೆ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ನಮ್ಮ ಉಣ್ಣೆ ಸಣ್ಣ ಗಿರಣಿಗೆ ಹೋಗುತ್ತದೆ, ತಿಂಗಳುಗಟ್ಟಲೆ ಕಾಯಬೇಕು, ನೂಲು ಮಾಡಿಸುವ ಕೂಲಿಯೇ ದೊಡ್ಡ ಖರ್ಚು. ಆ ನೂಲನ್ನು ವಾರದ ಸಂತೆಯಲ್ಲಿ ಮಾರುತ್ತೇವೆ. ಎರಡನೇ ದರ್ಜೆಯದ್ದರಲ್ಲಿ ಬಟ್ಟೆ ಒಣಗಿಸುವ ಯಂತ್ರಕ್ಕೆ ಹಾಕುವ ಉಣ್ಣೆಯುಂಡೆ, ಚಪ್ಪಲಿಯೊಳಗಿನ ಹಾಸು. ಗೊಬ್ಬರವೂ ಚೀಲಗಟ್ಟಲೆ ಹೋಗುತ್ತದೆ, ಟೂಸಾನ್‌ನ ತೋಟದವರು ಹುಡುಕಿಕೊಂಡು ಬರುತ್ತಾರೆ. ಸೆಪ್ಟೆಂಬರ್ ಕೊನೆಯ ವಾರಾಂತ್ಯ ದೇಶದೆಲ್ಲೆಡೆ ಅಲ್ಪಾಕಾ ಫಾರ್ಮ್‌ಗಳು ಬಾಗಿಲು ತೆರೆದು ಜನರನ್ನು ಬಿಟ್ಟುಕೊಳ್ಳುತ್ತವೆ, ಆಗ ಸ್ವಲ್ಪ ವ್ಯಾಪಾರ. ಎಲ್ಲ ಸೇರಿ ಹುಲ್ಲಿನ ಖರ್ಚು, ಉಣ್ಣೆ ಕತ್ತರಿಸುವವರ ಕೂಲಿ ಹುಟ್ಟುತ್ತದೆ. ಡಾಕ್ಟರ್ ಬಿಲ್ ಬಂದ ವರ್ಷ ಅದೂ ಇಲ್ಲ.

ಹಾಗಾದರೆ ಯಾಕೆ ಸಾಕುತ್ತೀರಿ ಅಂದರೆ, ನಮಗೆ ಇವುಗಳ ಜೊತೆ ಇರುವುದು ಇಷ್ಟ. ಬೆಳಗಿನ ತಂಪಲ್ಲಿ ಮರಿ ಹಾಕಿದಾಗ ಇಡೀ ಮಂದೆ ಬಂದು ಸುತ್ತ ನಿಂತು ಮೂಸುತ್ತದೆ, ತಾಯಿ ಹಸುವಿನ ಹಾಗೆ ನೆಕ್ಕುವುದಿಲ್ಲ, ಮೂಗು ತಾಗಿಸಿ ಹ್ಮ್ ಹ್ಮ್ ಅಂತ ಗುಂಯ್‌ಗುಡುತ್ತಾ ಮರಿಯ ಜೊತೆ ಮಾತಾಡುತ್ತದೆ. ಅತ್ತೆ ಅಂದು ಯಾವ ಕೆಲಸ ಇದ್ದರೂ ಬಿಟ್ಟು ಅಲ್ಲೇ ಕೂರುತ್ತಾರೆ.

ಫೀನಿಕ್ಸ್ ಅಪ್ಪ:

ಇಷ್ಟು ವಿವರ ಎಲ್ಲೂ ಸಿಕ್ಕಿರಲಿಲ್ಲ, ಎಲ್ಲರಿಗೂ ಧನ್ಯವಾದ. ಹಣಕ್ಕಾಗಿ ಅಲ್ಲ, ಅದು ಖಚಿತ. ಹೆಂಡತಿಯ ಪ್ರಶ್ನೆ: ಮರಿ ಹಾಕಿಸುವುದು ಕಷ್ಟವಾ? ನನ್ನ ಪ್ರಶ್ನೆ: ಹಾವು, ಕಯೋಟಿ (ಇಲ್ಲಿಯ ತೋಳದಂಥ ಕಾಡುಪ್ರಾಣಿ)? ಮತ್ತೆ ಊರಿಗೆ ಹೋಗಬೇಕಾದಾಗ ಏನು ಮಾಡುತ್ತೀರಿ?

ವಿಲ್ಕಾಕ್ಸ್ ಕಣಿವೆ:

ಮರಿ ಹಾಕುವುದು ಹೆಚ್ಚಾಗಿ ಹಗಲಲ್ಲೇ, ಬೆಳಿಗ್ಗೆಯಿಂದ ಮಧ್ಯಾಹ್ನದೊಳಗೆ. ಆಂಡಿಸ್‌ನ ಚಳಿ ರಾತ್ರಿಗೆ ಮೊದಲು ಮರಿ ಒಣಗಬೇಕಲ್ಲ. ಗಬ್ಬ ಹನ್ನೊಂದೂವರೆ ತಿಂಗಳು, ಸಾಮಾನ್ಯವಾಗಿ ಒಂದೇ ಮರಿ, ಆರರಿಂದ ಒಂಬತ್ತು ಕಿಲೋ. ಗಬ್ಬ ನಿಂತಿದೆಯಾ ಅಂತ ತಿಳಿಯಲು ಗಂಡನ್ನು ಹತ್ತಿರ ಬಿಟ್ಟು ನೋಡುತ್ತಾರೆ, ನಿಂತಿದ್ದರೆ ಹೆಣ್ಣು ಉಗುಳಿ ಓಡಿಸುತ್ತದೆ. ಮರುಭೂಮಿಯಲ್ಲಿ ಯೋಚಿಸಬೇಕಾದದ್ದು ತಿಂಗಳು. ಜೂನ್, ಜುಲೈಗೆ ಈಯುವ ಹಾಗೆ ಎಂದೂ ಮಾಡಬೇಡಿ. ನಾವು ಅಕ್ಟೋಬರ್, ನವೆಂಬರ್‌ಗೆ ಬರುವ ಹಾಗೆ ಗಂಡು ಬಿಡುತ್ತೇವೆ. ಹುಟ್ಟಿದ ಕೆಲವು ಗಂಟೆಯಲ್ಲಿ ಮರಿ ಎದ್ದು ಗಿಣ್ಣದ ಹಾಲು ಕುಡಿಯಬೇಕು, ಅದೊಂದು ಆದರೆ ಅರ್ಧ ಗೆದ್ದ ಹಾಗೆ. ಆದರೆ ನಿಮಗೆ ನನ್ನ ಸಲಹೆ, ಮೊದಲು ಬೀಜ ಒಡೆದ ಗಂಡುಗಳನ್ನೇ ತನ್ನಿ, ಕನಿಷ್ಠ ಮೂರು. ಒಂಟಿ ಅಲ್ಪಾಕಾ ಕೊರಗಿ ಸಾಯುತ್ತದೆ. ಮತ್ತೆ ಮಕ್ಕಳು ಕೇಳಿದರು ಅಂತ ಬಾಟಲಿ ಹಾಲಿನ ಗಂಡು ಮರಿ ತರಬೇಡಿ, ಮನುಷ್ಯರನ್ನೇ ತನ್ನ ಮಂದೆ ಅಂದುಕೊಂಡು ಬೆಳೆದರೆ ದೊಡ್ಡದಾದ ಮೇಲೆ ಮೈಮೇಲೆ ಬರುತ್ತದೆ.

ಕಾಟ ಕೊಡುವವು ಕಯೋಟಿ, ಬೆಟ್ಟದ ಸಿಂಹ (ಪೂಮಾ), ಎಲ್ಲಕ್ಕಿಂತ ಹೆಚ್ಚಾಗಿ ಊರ ನಾಯಿಗಳು. ಐದಡಿ ಬಲೆ ಬೇಲಿ ಹಾಕಿ, ಮುಳ್ಳುತಂತಿ ಬೇಡ. ಕಾವಲು ನಾಯಿ ರಾತ್ರಿಯಿಡೀ ಬೊಗಳುತ್ತದೆ, ಪಕ್ಕದವರಿಗೆ ಮೊದಲೇ ಹೇಳಿಡಿ. ಬುಡುಬುಡಿಕೆ ಹಾವು (ರ್ಯಾಟಲ್‌ಸ್ನೇಕ್) ಮಾತ್ರ ನಾಯಿಗೂ ತಪ್ಪಿದ್ದಲ್ಲ. ಅಲ್ಪಾಕಾಕ್ಕೆ ಕುತೂಹಲ ಜಾಸ್ತಿ, ಬಗ್ಗಿ ಮೂಸುತ್ತದೆ, ಮೂತಿಗೇ ಕಚ್ಚಿಸಿಕೊಳ್ಳುತ್ತದೆ. ಇವು ಮೂಗಿನಿಂದ ಉಸಿರಾಡುವ ಪ್ರಾಣಿ, ಮೂತಿ ಊದಿದರೆ ಉಸಿರು ಕಟ್ಟುತ್ತದೆ. ಹುಲ್ಲಿನ ಪೆಂಡಿ ನೆಲದಿಂದ ಎತ್ತರಿಸಿ ಇಡುವುದು, ಇಲಿ ಕಡಿಮೆ ಮಾಡುವುದು, ಕಸ ಪೇರಿಸದಿರುವುದು, ಇಷ್ಟೇ ನಾವು ಮಾಡಬಹುದಾದದ್ದು.

ಊರಿಗೆ ಹೋಗುವುದು ನಿಜವಾದ ಕಷ್ಟ. ಮಕ್ಕಳ ಶಾಲೆಗೆ ರಜೆ ಸಿಗುವುದು ಜೂನ್, ಜುಲೈ, ಅದೇ ಇಲ್ಲಿ ಒಂದು ದಿನವೂ ಬಿಟ್ಟಿರಲು ಆಗದ ಕಾಲ. ಊರಲ್ಲಿ ಮದುವೆ, ಗೃಹಪ್ರವೇಶ ಎಷ್ಟೋ ತಪ್ಪಿವೆ. ನಾವು ಹೋಗುವುದು ಡಿಸೆಂಬರ್‌ನಲ್ಲಿ, ಸಂಕ್ರಾಂತಿಯೊಳಗೆ ವಾಪಸ್. ಆಗಲೂ ಎಲ್ಲರೂ ಒಟ್ಟಿಗೆ ಹೊರಡಲು ಆಗುವುದಿಲ್ಲ, ಒಬ್ಬರು ಉಳಿಯುತ್ತೇವೆ. ಪಕ್ಕದ ಮನೆಯವರೂ ಅಲ್ಪಾಕಾ ಸಾಕುವವರಾದ್ದರಿಂದ ಕೈಯಾಸರೆ ಇದೆ. ಅಂಥ ನೆರೆಹೊರೆ ಇಲ್ಲದ ಕಡೆ ಜಾಗ ತೆಗೆದುಕೊಂಡರೆ ಊರಿನ ಆಸೆ ಬಿಡಬೇಕಾಗುತ್ತದೆ. ಇದನ್ನು ಇಬ್ಬರೂ ಕೂತು ಮಾತಾಡಿ.

ಕೋಲಾರದ ಓದುಗ:

ಅಕ್ಕಾ, ಇದನ್ನು ಕೋಲಾರದಲ್ಲಿ ಸಾಕಬಹುದಾ? ಒಣ ಹವೆಯೇ ಅಲ್ವಾ?

ಹೆಬ್ಬಾಳದ ಡಾಕ್ಟರ್:

ಜೀವಂತ ಪ್ರಾಣಿ ಹೊರದೇಶದಿಂದ ತರಲು ಕೇಂದ್ರ ಸರ್ಕಾರದ ಅನುಮತಿ, ಕ್ವಾರಂಟೈನ್ ಎಲ್ಲ ಬೇಕು. ಅದು ಬಿಟ್ಟರೂ ಈ ಪ್ರಾಣಿ ಗೊತ್ತಿರುವ ಡಾಕ್ಟರ್ ಅಲ್ಲಿ ಸಿಗುವುದಿಲ್ಲ. ಡೆಕ್ಕನಿ ಕುರಿ ಸಾಕಿ, ಆ ಉಣ್ಣೆ ಕೇಳುವವರು ಕಡಿಮೆಯಾಗುತ್ತಿದ್ದಾರೆ, ಅದಕ್ಕೆ ನಿಮ್ಮಂಥವರು ಬೇಕು.

ಫೀನಿಕ್ಸ್ ಅಪ್ಪ:

ನಿನ್ನೆ ರಾತ್ರಿ ಮನೆಯಲ್ಲಿ ಎಲ್ಲ ಓದಿದೆವು. ಫೀನಿಕ್ಸ್ ಪಕ್ಕದ ಜಾಗ ಕೈಬಿಟ್ಟೆವು. ಎತ್ತರದ ಕಡೆ ನೋಡುತ್ತೇವೆ, ಅವಸರವಿಲ್ಲ. ಜಾಗ ನೋಡಲು ಯಾವಾಗ ಬರುವುದು ಒಳ್ಳೆಯದು ಅಕ್ಕಾ? ಫೆಬ್ರವರಿಯಲ್ಲಿ ಬರೋಣವಾ?

ವಿಲ್ಕಾಕ್ಸ್ ಕಣಿವೆ:

ಫೆಬ್ರವರಿಯಲ್ಲಿ ಬಂದರೆ ಸಾರಸ ಜಾತಿಯ ಸ್ಯಾಂಡ್‌ಹಿಲ್ ಕ್ರೇನ್ ಹಕ್ಕಿಗಳು ಸಾವಿರಗಟ್ಟಲೆ ಕಾಣುತ್ತವೆ, ಮಕ್ಕಳನ್ನು ಕರೆತನ್ನಿ, ಆದರೆ ಆಗ ನೋಡಿ ಜಾಗ ಕೊಳ್ಳಬೇಡಿ. ಆಗ ಎಲ್ಲ ಜಾಗವೂ ಚೆನ್ನಾಗಿಯೇ ಕಾಣುತ್ತದೆ. ಜೂನ್ ಕೊನೆಯಲ್ಲಿ, ಮಧ್ಯಾಹ್ನ ಮೂರು ಗಂಟೆಗೆ ಬಂದು ನೆರಳು ಎಲ್ಲಿದೆ, ಗಾಳಿ ಯಾವ ಕಡೆಯಿಂದ, ದೂಳು ಎಷ್ಟು ನೋಡಿ, ರಾತ್ರಿಯೂ ಅಲ್ಲೇ ಉಳಿದು ಎಷ್ಟು ತಣ್ಣಗಾಗುತ್ತದೆ ಅಳೆಯಿರಿ. ಇನ್ನೊಮ್ಮೆ ಆಗಸ್ಟ್‌ನಲ್ಲಿ, ಜೋರು ಮಳೆ ಬಿದ್ದ ಮರುದಿನ ಬನ್ನಿ. ವರ್ಷವಿಡೀ ಒಣಗಿರುವ ಹಳ್ಳ ಆಗ ಎಲ್ಲಿ ಹರಿಯುತ್ತದೆ, ಕೊಟ್ಟಿಗೆ ಕಟ್ಟುವ ಜಾಗದಲ್ಲಿ ನೀರು ನಿಲ್ಲುತ್ತದಾ ಅಂತ ಗೊತ್ತಾಗುತ್ತದೆ. ಬೋರ್‌ವೆಲ್ ಎಷ್ಟು ಆಳ, ಹಿಂದಿನ ವರ್ಷಗಳಲ್ಲಿ ನೀರಿನ ಮಟ್ಟ ಎಷ್ಟು ಇಳಿದಿದೆ ಅಂತ ದಾಖಲೆ ಕೇಳಿ, ಅಕ್ಕಪಕ್ಕದ ಮನೆಯವರನ್ನೂ ಕೇಳಿ, ಮಾರುವವರ ಬಾಯಿಮಾತು ನಂಬಬೇಡಿ. ನೀರನ್ನು ಪರೀಕ್ಷೆಗೂ ಕಳಿಸಿ. ಬರುವ ಹಿಂದಿನ ದಿನ ತಿಳಿಸಿ, ಬೆಳಗಿನ ಹುಲ್ಲು ಹಾಕುವ ಹೊತ್ತಿಗೆ ನಮ್ಮಲ್ಲಿರಿ, ತಿಂಡಿ ಇಲ್ಲೇ.